ಪರಿವಿಡಿ ತಪ್ಪಿದರೆ ಪುಸ್ತಕ ತಿದ್ದಿ

ಡೆಮಿ ಆಕಾರ, 208 ಪುಟ, ಸರಿಯಾಗಿ ಹದಿಮೂರು ಫಾರಂ. ಇಪ್ಪತ್ತೆರಡು ಲಲಿತ ಪ್ರಬಂಧಗಳ ಆ ಪುಸ್ತಕಕ್ಕೆ ಪುಟ ಕಟ್ಟಿದವನು ನಾನು. ಕರಡು ಮೂರು ಸಲ ತಿದ್ದಿ ಆಗಿತ್ತು, ಪರಿವಿಡಿ ಕೂರಿಸಿ ಆಗಿತ್ತು, ಮಾರನೆಯ ದಿನ ಪ್ಲೇಟ್ ಹಾಕಿಸಬೇಕು ಅನ್ನುವಾಗ ಹಿರಿಯರೊಬ್ಬರ ಮುನ್ನುಡಿ ಬಂತು. ಅದಕ್ಕೆಂದು ಎರಡು ಪುಟ ಬಿಟ್ಟುಕೊಂಡಿದ್ದೆವು; ಅವರು ಪ್ರೀತಿಯಿಂದ ನಾಲ್ಕು ಪುಟ ಬರೆದಿದ್ದರು. ಫಾರಂ ಹೆಚ್ಚಾದರೆ ಖರ್ಚು ಏರುತ್ತದೆಂದು ಕೊನೆಯಲ್ಲಿದ್ದ ಎರಡು ಖಾಲಿ ಪುಟ ತೆಗೆದುಹಾಕಿದೆ. ಒಟ್ಟು ಪುಟ ಮತ್ತೆ 208ಕ್ಕೇ ಬಂತು. ಲೆಕ್ಕ ಕೂಡಿಬಂದದ್ದರಿಂದಲೇ ಯಾರಿಗೂ ಅನುಮಾನ ಹುಟ್ಟಲಿಲ್ಲ.

ಸಾವಿರ ಪ್ರತಿ ಅಚ್ಚಾಗಿ, ಬೈಂಡಿಂಗ್ ಮುಗಿದು, ಮೊದಲ ಕಟ್ಟು ಊರು ಮುಟ್ಟಿದ ದಿನ ಲೇಖಕರ ಫೋನ್. “ತಮ್ಮಾ, ಪರಿವಿಡೀಲಿ ‘ಅಡಿಕೆ ಸುಲಿಯುವ ರಾತ್ರಿ’ 87 ಅಂತ ಇದೆ. ಒಳಗೆ ನೋಡಿದ್ರೆ 89ಕ್ಕೆ ಶುರುವಾಗ್ತದಲ್ಲ?” ಕೈಯಲ್ಲಿದ್ದ ಪ್ರತಿ ಬಿಚ್ಚಿ ನೋಡಿದೆ. ಅದೊಂದೇ ಅಲ್ಲ, ಇಪ್ಪತ್ತೆರಡು ಪ್ರಬಂಧಗಳಿಗೂ ಎರಡೆರಡು ಪುಟ ತಪ್ಪಿತ್ತು. ಕೊನೆಗೆ ಅಂಗೈಯಗಲದ ಒಂದು ಚೀಟಿ ಅಚ್ಚು ಹಾಕಿಸಿ, ಪರಿವಿಡಿಯ ಅಂಕಿಗಳಿಗೆ ಎರಡು ಕೂಡಿಸಿಕೊಳ್ಳಬೇಕೆಂದು ಓದುಗರಲ್ಲಿ ವಿನಂತಿ ಮಾಡಿಕೊಂಡು, ಸಾವಿರ ಪ್ರತಿಯೊಳಗೂ ಇಟ್ಟೆವು. ಆ ಚೀಟಿ ಇಟ್ಟ ಎರಡು ಸಂಜೆಗಳು ನನಗೆ ಇವತ್ತಿಗೂ ನೆನಪಿವೆ.

ತಪ್ಪು ನಡೆದದ್ದು ಹೀಗೆ. ಪುಟದ ಕೆಳಗಿನ ಅಂಕಿಯನ್ನು ನಾವು ಮಾಸ್ಟರ್ ಪೇಜಿನಲ್ಲಿ ಒಮ್ಮೆ ಇಟ್ಟುಬಿಡುತ್ತೇವೆ. ನಡುವೆ ಎಷ್ಟು ಪುಟ ಸೇರಿಸಿದರೂ ತೆಗೆದರೂ ಅದು ತಾನಾಗಿ ಬದಲಾಗುತ್ತದೆ. ಪರಿವಿಡಿಯನ್ನೂ ಸಾಫ್ಟ್‌ವೇರಿನಿಂದಲೇ ತೆಗೆಸಿದ್ದೆನಲ್ಲ, ಅದೂ ಹಾಗೇ ಬದಲಾಗುತ್ತದೆ ಎಂದುಕೊಂಡಿದ್ದೆ. ಆಗುವುದಿಲ್ಲ. ಇನ್‌ಡಿಸೈನ್‌ನ ಪರಿವಿಡಿ ನಾವು ಕೇಳಿದ ಕ್ಷಣದಲ್ಲಿ ಪುಸ್ತಕ ಹೇಗಿತ್ತೋ ಅದರ ಒಂದು ಫೋಟೊ. ಆಮೇಲೆ ಪುಸ್ತಕ ಬದಲಾದರೂ ಫೋಟೊ ಹಳೆಯದೇ. ಪರಿವಿಡಿಯ ಚೌಕಟ್ಟಿನೊಳಗೆ ಕರ್ಸರ್ ಇಟ್ಟು, ‘ಲೇಔಟ್’ ಮೆನುವಿನಲ್ಲಿ ‘ಅಪ್‌ಡೇಟ್ ಟೇಬಲ್ ಆಫ್ ಕಂಟೆಂಟ್ಸ್’ ಒತ್ತಿದರೆ ಮಾತ್ರ ಹೊಸದಾಗಿ ಎಣಿಸುತ್ತದೆ. ಕರ್ಸರ್ ಬೇರೆಲ್ಲೋ ಇದ್ದರೆ ಆ ಆಯ್ಕೆ ಮಸುಕಾಗಿ ಕಾಣುತ್ತದೆ, ಒತ್ತಲು ಬರುವುದಿಲ್ಲ. ನಮ್ಮಲ್ಲಿ ಎಷ್ಟೋ ಆಪರೇಟರುಗಳು ಈ ಮಸುಕು ಅಕ್ಷರ ನೋಡಿ, ತಮ್ಮ ಆವೃತ್ತಿಯಲ್ಲಿ ಈ ಸೌಲಭ್ಯವೇ ಇಲ್ಲ ಎಂದುಕೊಂಡು ಅಂಕಿಗಳನ್ನು ಕೈಯಲ್ಲೇ ತಿದ್ದಲು ಕೂರುತ್ತಾರೆ.

ಆ ಕೈತಿದ್ದುಪಡಿ ಮತ್ತೊಂದು ತಪ್ಪಿಗೆ ದಾರಿ. ಮುಂದೆ ಯಾರಾದರೂ ಅಪ್‌ಡೇಟ್ ಒತ್ತಿದರೆ ಕೈಯಲ್ಲಿ ತಿದ್ದಿದ್ದೆಲ್ಲ ಅಳಿಸಿಹೋಗಿ, ಸಾಫ್ಟ್‌ವೇರಿಗೆ ಕಂಡದ್ದೇ ಮತ್ತೆ ಬರುತ್ತದೆ. ಅದಕ್ಕೇ ಡಿಟಿಪಿ ಕಲಿಯಲು ಬರುವ ಹುಡುಗ ಹುಡುಗಿಯರಿಗೆಲ್ಲ ನಾನು ಒಂದು ಮಾತು ಹೇಳುತ್ತೇನೆ: ಪರಿವಿಡಿ ತಪ್ಪಾಗಿ ಬಂದರೆ ಪರಿವಿಡಿಗೆ ಕೈ ಹಚ್ಚಬೇಡಿ, ಪುಸ್ತಕದೊಳಗೆ ಹೋಗಿ ನೋಡಿ. ನೂರಕ್ಕೆ ನೂರು ಸಲ ತಪ್ಪು ಅಲ್ಲಿಯೇ ಇರುತ್ತದೆ ಎನ್ನಲಾರೆ. ಪರಿವಿಡಿಯ ಸ್ವಂತ ತೊಂದರೆಗಳೂ ಕೆಲವಿವೆ. ಆದರೆ ನಾನು ಕಂಡ ಹೆಚ್ಚಿನವು ಒಳಗಿನವೇ.

ಈ ಮಾತು ಅರ್ಥವಾಗಬೇಕಾದರೆ ಪರಿವಿಡಿ ಹುಟ್ಟುವ ಬಗೆ ಗೊತ್ತಿರಬೇಕು. ಯಾವುದು ಅಧ್ಯಾಯದ ತಲೆಬರಹ, ಯಾವುದು ಉಪಶೀರ್ಷಿಕೆ, ಯಾವುದು ಬರಿಯ ಪಠ್ಯ ಎಂಬುದು ನಮ್ಮ ಕಣ್ಣಿಗೆ ಅಕ್ಷರದ ಗಾತ್ರದಿಂದ ತಿಳಿಯುತ್ತದೆ. ಸಾಫ್ಟ್‌ವೇರಿಗೆ ಹಾಗಲ್ಲ. ಅದು ನೋಡುವುದು ಪ್ಯಾರಾಗ್ರಾಫಿನ ಸ್ಟೈಲಿನ ಹೆಸರನ್ನು. ‘ಚಾಪ್ಟರ್ ಹೆಡ್’ ಎಂಬ ಸ್ಟೈಲ್ ಹೊತ್ತ ಪ್ಯಾರಾಗಳನ್ನೆಲ್ಲ ಹೆಕ್ಕಿ, ಅವು ಯಾವ ಯಾವ ಪುಟದಲ್ಲಿವೆ ಎಂದು ಬರೆದುಕೊಡು ಎಂದು ನಾವು ಹೇಳುತ್ತೇವೆ. ಅಷ್ಟನ್ನು ಅದು ಚಾಚೂ ತಪ್ಪದೆ ಮಾಡುತ್ತದೆ. ಹೀಗಾಗಿ ಪಠ್ಯವನ್ನೇ ಸೆಲೆಕ್ಟ್ ಮಾಡಿ 18 ಪಾಯಿಂಟಿಗೆ ಏರಿಸಿ, ಬೋಲ್ಡ್ ಒತ್ತಿ, ನಡುವಿಗೆ ತಂದ ತಲೆಬರಹ ನೋಡಲು ಎಷ್ಟೇ ಚೆನ್ನಾಗಿದ್ದರೂ ಪರಿವಿಡಿಯ ಪಾಲಿಗೆ ಇಲ್ಲದ್ದೇ.

ಇದು ಹೊಸ ವಿದ್ಯೆಯೂ ಅಲ್ಲ. 1985ರಲ್ಲಿ ಆಲ್ಡಸ್ ಕಂಪನಿ ಹೊರತಂದು, 1994ರಲ್ಲಿ ಅಡೋಬಿಯ ಕೈಸೇರಿದ ಪೇಜ್‌ಮೇಕರ್‌ನಲ್ಲೂ ಇದೇ ಏರ್ಪಾಡು ಇತ್ತು. ಅದರ ಕೊನೆಯ ದೊಡ್ಡ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಸ್ಟೈಲಿನ ಪ್ಯಾರಾಗ್ರಾಫ್ ವಿವರದ ಕಿಟಕಿಯಲ್ಲಿ ‘ಇನ್‌ಕ್ಲೂಡ್ ಇನ್ ಟೇಬಲ್ ಆಫ್ ಕಂಟೆಂಟ್ಸ್’ ಎಂಬ ಪುಟ್ಟ ಚೌಕಕ್ಕೆ ಗುರುತು ಹಾಕಿ, ‘ಯುಟಿಲಿಟೀಸ್’ ಮೆನುವಿನಿಂದ ‘ಕ್ರಿಯೇಟ್ ಟಿಓಸಿ’ ಒತ್ತಿದರೆ ಪರಿವಿಡಿ ತಯಾರು. ಪೇಜ್‌ಮೇಕರ್‌ನಲ್ಲಿ ಸಾವಿರಾರು ಪುಟ ಕಟ್ಟಿದ ನನ್ನ ವಾರಿಗೆಯವರಲ್ಲಿ ಆ ಚೌಕವನ್ನು ಮುಟ್ಟಿದವರು ಕಡಿಮೆ. ನಮಗೆ ಕೆಲಸ ಕಲಿಸಿದವರು ಸ್ಟೈಲ್ ಹೇಳಿಕೊಟ್ಟಿರಲಿಲ್ಲ, ಗಾತ್ರ ಹೇಳಿಕೊಟ್ಟಿದ್ದರು.

ಹಾಗೆ ಕೈಯಲ್ಲೇ ಅಲಂಕಾರ ಮಾಡಿದ ಕಡತ ಬಂದರೆ ಗಾಬರಿ ಬೇಡ. ಇನ್‌ಡಿಸೈನ್‌ನ ‘ಫೈಂಡ್/ಚೇಂಜ್’ ಕಿಟಕಿಯಲ್ಲಿ ಪದವನ್ನೇ ಹುಡುಕಬೇಕೆಂದಿಲ್ಲ, ರೂಪವನ್ನೂ ಹುಡುಕಬಹುದು. 18 ಪಾಯಿಂಟಿನ ಬೋಲ್ಡ್ ಅಕ್ಷರ ಎಲ್ಲೆಲ್ಲಿದೆಯೋ ಅಲ್ಲೆಲ್ಲ ‘ಚಾಪ್ಟರ್ ಹೆಡ್’ ಸ್ಟೈಲ್ ತೊಡಿಸು ಎಂದರೆ ಮುನ್ನೂರು ಪುಟದ ಪುಸ್ತಕವೂ ನಿಮಿಷದೊಳಗೆ ಸರಿಹೋಗುತ್ತದೆ. ಆಮೇಲೆ ಒಂದೊಂದನ್ನೂ ಕಣ್ಣಾರೆ ನೋಡಿ. ಪಠ್ಯದ ನಡುವೆ ಒತ್ತುಕೊಡಲೆಂದು ದಪ್ಪ ಮಾಡಿದ ಸಾಲೊಂದು ತಲೆಬರಹವಾಗಿ ಹೋಗಿರಬಹುದು.

ಇನ್ನು ತಲೆಬರಹ ಒಡೆಯುವ ಪ್ರಶ್ನೆ. ‘ಬೇಸಿಗೆಯ ರಜೆ ಮತ್ತು ಅಜ್ಜಿಯ ಊರು’ ಎಂಬ ಉದ್ದನೆಯ ಶೀರ್ಷಿಕೆಯಿದೆ ಎನ್ನಿ. ಒಂದೇ ಸಾಲಿಗೆ ಹಿಡಿಯುವುದಿಲ್ಲ, ‘ಮತ್ತು’ ಆದಮೇಲೆ ಒಡೆದರೆ ಚೆಂದ. ಆಪರೇಟರ್ ಅಲ್ಲಿ ಎಂಟರ್ ಒತ್ತಿದರೆ ಪುಟದ ಮೇಲೆ ಏನೂ ತಪ್ಪು ಕಾಣುವುದಿಲ್ಲ. ಪರಿವಿಡಿಯಲ್ಲಿ ಮಾತ್ರ ‘ಬೇಸಿಗೆಯ ರಜೆ ಮತ್ತು’ ಒಂದು ಬರಹ, ಪುಟ 47. ‘ಅಜ್ಜಿಯ ಊರು’ ಇನ್ನೊಂದು ಬರಹ, ಅದೂ ಪುಟ 47. ಎಂಟರ್ ಎಂದರೆ ಸಾಫ್ಟ್‌ವೇರಿನ ಪಾಲಿಗೆ ಅಲ್ಲಿಗೆ ಪ್ಯಾರಾ ಮುಗಿಯಿತು ಎಂದರ್ಥ. ಎರಡು ಪ್ಯಾರಾ ಆದ್ದರಿಂದ ಎರಡು ನಮೂದು. ಅಲ್ಲಿ ಒತ್ತಬೇಕಾದದ್ದು ಶಿಫ್ಟ್ ಹಿಡಿದು ಎಂಟರ್. ಆಗ ಸಾಲು ಒಡೆಯುತ್ತದೆ, ಪ್ಯಾರಾ ಒಂದೇ ಇರುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಹಾಗೆ ಒಡೆದ ಸಾಲು ಪರಿವಿಡಿಯಲ್ಲೂ ಒಡೆದೇ ಬರುತ್ತದೆ. ಅದು ಬೇಡವೆಂದರೆ ಪರಿವಿಡಿಯ ಕಿಟಕಿಯಲ್ಲಿ ‘ರಿಮೂವ್ ಫೋರ್ಸ್ಡ್ ಲೈನ್ ಬ್ರೇಕ್ಸ್’ ಎಂಬುದಕ್ಕೆ ಗುರುತು ಹಾಕಬೇಕು. ಹಾಕಿದ ಮೇಲೆ ‘ಮತ್ತುಅಜ್ಜಿಯ’ ಎಂದು ಎರಡು ಪದ ಅಂಟಿಕೊಂಡದ್ದನ್ನು ನೋಡಿ ಬೆಚ್ಚಿದ್ದೇನೆ. ಸಾಲು ಒಡೆಯುವ ಮುಂಚೆ ಒಂದು ಸ್ಪೇಸ್ ಕೊಟ್ಟಿರಬೇಕಿತ್ತು. ಸ್ಪೇಸ್ ಇದ್ದರೆ ಪುಟದ ಮೇಲೆ ಅದು ಸಾಲಿನ ತುದಿಯಲ್ಲಿ ಕಾಣದೆ ಉಳಿಯುತ್ತದೆ, ಪರಿವಿಡಿಯಲ್ಲಿ ಪದಗಳ ನಡುವೆ ಬಂದು ಕೂರುತ್ತದೆ. ಸಂಧಿಯಾಗಿ ಬೆಸೆದುಕೊಳ್ಳುವ ನಮ್ಮ ಭಾಷೆಯಲ್ಲಿ ಈ ಅಂಟು ಕರಡು ನೋಡುವವರ ಕಣ್ಣಿಗೂ ಬೇಗ ಬೀಳುವುದಿಲ್ಲ. ‘ಮಳೆಗಾಲದ’ ‘ಹಾಡು’ ಎಂಬೆರಡು ಪದ ‘ಮಳೆಗಾಲದಹಾಡು’ ಎಂದು ಬಂದರೆ ಕಣ್ಣು ಅದನ್ನು ಒಪ್ಪಿಕೊಂಡು ಮುಂದೆ ಹೋಗಿಬಿಡುತ್ತದೆ.

ಕನ್ನಡದಲ್ಲಿ ಪುಟ ಕಟ್ಟುವವರಿಗೆ ಎದುರಾಗುವ ತೊಂದರೆಯೊಂದಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕನ್ನಡ ಕಾಣುವುದು ನಮ್ಮ ಕಣ್ಣಿಗೆ ಮಾತ್ರ. ‘ಕನ್ನಡ’ ಎಂಬ ಮೂರಕ್ಷರ ಕಂಪ್ಯೂಟರಿನ ಒಳಗೆ ಏಳು ಗುರುತುಗಳಾಗಿ ಕೂತಿರುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಇರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಗೀಟಿನ ಎ. ಪಿ ಇದ್ದ ಜಾಗದಲ್ಲಿ ತಲೆಕಟ್ಟಿಲ್ಲದ ಕಕಾರದ ಚಿತ್ರ, ಗೀಟಿನ ಎ ಇದ್ದಲ್ಲಿ ತಲೆಕಟ್ಟು, ಜೋಡಿ ಎಸ್ ಇದ್ದಲ್ಲಿ ನಕಾರದ ಒತ್ತು. ಹೀಗೆ ಫಾಂಟು ಚಿತ್ರಗಳನ್ನು ಜೋಡಿಸಿ ನಮಗೆ ಕನ್ನಡ ತೋರಿಸುತ್ತದೆ. ಫಾಂಟು ಕಳಚಿದರೆ ಕನ್ನಡವೂ ಕಳಚುತ್ತದೆ.

ಈಗ ಪರಿವಿಡಿ ತೆಗೆಯಿರಿ. ಇನ್‌ಡಿಸೈನ್ ತಲೆಬರಹಗಳನ್ನು ಹೆಕ್ಕಿ ತಂದು ತನ್ನದೇ ಹೊಸ ಸ್ಟೈಲ್ ತೊಡಿಸಬಹುದು. ಆ ಸ್ಟೈಲಿನಲ್ಲಿರುವುದು ಇಂಗ್ಲಿಷ್ ಫಾಂಟು. ಪುಟದ ತುಂಬ ಪೌಂಡು, ಗೀಟಿನ ಎ, ಕ್ಯೂಗಳ ರಾಶಿ. ಮೊದಲ ಸಲ ನೋಡಿದವರು ಫೈಲೇ ಕೆಟ್ಟಿತೆಂದು ಕಂಗಾಲಾಗುತ್ತಾರೆ. ಏನೂ ಕೆಟ್ಟಿಲ್ಲ. ಪರಿವಿಡಿಗೆಂದೇ ಒಂದು ಪ್ಯಾರಾಗ್ರಾಫ್ ಸ್ಟೈಲ್ ಮೊದಲೇ ಮಾಡಿಟ್ಟುಕೊಂಡು, ಅದಕ್ಕೆ ನುಡಿ ಫಾಂಟ್ ಕೊಟ್ಟು, ಪರಿವಿಡಿಯ ಕಿಟಕಿಯಲ್ಲಿ ‘ಎಂಟ್ರಿ ಸ್ಟೈಲ್’ ಎಂಬಲ್ಲಿ ಅದನ್ನು ಆಯ್ದರೆ ಕನ್ನಡ ಮರಳುತ್ತದೆ. ಬಂದ ಪರಿವಿಡಿಯನ್ನು ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಿದರೂ ಕನ್ನಡ ಕಾಣುತ್ತದೆ ನಿಜ, ಆದರೆ ಮುಂದಿನ ಅಪ್‌ಡೇಟಿಗೆ ಮತ್ತೆ ಹೋಗುತ್ತದೆ. ಫಾಂಟ್ ಆಯುವಾಗ ಕೊನೆಯ ಒಂದಕ್ಷರದ ಮೇಲೂ ಗಮನವಿರಲಿ. ನುಡಿ ಫಾಂಟಿನ ಹೆಸರಿನ ಕೊನೆಗೆ ‘ಇ’ ಇದ್ದರೆ ಇಂಗ್ಲಿಷ್ ಅಂಕಿ, ‘ಕೆ’ ಇದ್ದರೆ ಕನ್ನಡ ಅಂಕಿ. ಪುಟದಡಿಯಲ್ಲಿ 87, ಪರಿವಿಡಿಯಲ್ಲಿ ೮೭ ಎಂದು ಅಚ್ಚಾದ ಪುಸ್ತಕ ನನ್ನ ಕಪಾಟಿನಲ್ಲೇ ಇದೆ.

ಯುನಿಕೋಡ್‌ನಲ್ಲಿ ಕೆಲಸ ಮಾಡುವವರಿಗೆ ತೊಂದರೆ ಇನ್ನೊಂದು ಬಗೆಯದು. ಎಂಟ್ರಿ ಸ್ಟೈಲಿನ ಫಾಂಟಿನಲ್ಲಿ ಕನ್ನಡವೇ ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ. ಫಾಂಟು ಸರಿಯಿದ್ದೂ ಒತ್ತಕ್ಷರ ಬಿಡಿಬಿಡಿಯಾಗಿ ಚದುರಿದ್ದರೆ ಕಂಪೋಸರ್ ನೋಡಿ. ಭಾರತದ ಲಿಪಿಗಳನ್ನು ಸರಿಯಾಗಿ ಜೋಡಿಸುವ ‘ವರ್ಲ್ಡ್-ರೆಡಿ ಕಂಪೋಸರ್’ 2012ರ ಸಿಎಸ್6 ಆವೃತ್ತಿಯಿಂದ ನಮಗೆ ಸಿಕ್ಕಿದೆ. ಪಠ್ಯದ ಸ್ಟೈಲಿನಲ್ಲಿ ಅದನ್ನು ಆಯ್ದವರು ಪರಿವಿಡಿಯ ಸ್ಟೈಲಿನಲ್ಲಿ ಆಯಲು ಮರೆತಿರುತ್ತಾರೆ. ಪುಸ್ತಕವಿಡೀ ಸರಿಯಿದ್ದು ಪರಿವಿಡಿಯಲ್ಲಿ ಮಾತ್ರ ಒತ್ತು ಚದುರಿದ್ದರೆ ಕಾರಣ ಬಹುಪಾಲು ಇದೇ.

ಇಷ್ಟಿದ್ದರೂ ನಾನು ಯುನಿಕೋಡ್‌ನ ಪರ, ಮತ್ತು ಅದಕ್ಕೆ ಪರಿವಿಡಿಯೇ ದೊಡ್ಡ ಕಾರಣ. ಇವತ್ತು ಪುಸ್ತಕ ಕಾಗದದ ಮೇಲಷ್ಟೇ ಉಳಿಯುವುದಿಲ್ಲ, ಪಿಡಿಎಫ್ ಆಗಿ ಫೋನಿಗೂ ಹೋಗುತ್ತದೆ. ‘ಕ್ರಿಯೇಟ್ ಪಿಡಿಎಫ್ ಬುಕ್‌ಮಾರ್ಕ್ಸ್’ ಎಂಬ ಗುರುತು ಹಾಕಿದ್ದರೆ ಪಿಡಿಎಫ್‌ನ ಪಕ್ಕದ ಪಟ್ಟಿಯಲ್ಲಿ ಇದೇ ಪರಿವಿಡಿ ಬಂದು ನಿಲ್ಲುತ್ತದೆ, ಒತ್ತಿದರೆ ಆ ಪುಟಕ್ಕೆ ಹಾರುತ್ತದೆ. ಆ ಪಟ್ಟಿಗೆ ನಾವು ಫಾಂಟ್ ತೊಡಿಸಲು ಬರುವುದಿಲ್ಲ. ಹಳೆಯ ನುಡಿಯಲ್ಲಿ ಕಟ್ಟಿದ ಪುಸ್ತಕವಾದರೆ ಅಲ್ಲಿ ಕಾಣುವುದು ಅದೇ ಪಿ, ಪೌಂಡು, ಕ್ಯೂ. ಪುಟದ ಮೇಲೆ ಕನ್ನಡ, ಪಕ್ಕದಲ್ಲಿ ಯಾರಿಗೂ ತಿಳಿಯದ ಗುರುತುಗಳು. ಆರುನೂರು ಪುಟದ ಸಮಗ್ರ ಸಂಪುಟವನ್ನು ಫೋನಿನಲ್ಲಿ ತೆರೆದು, ಬೇಕಾದ ಲೇಖನ ಸಿಗದೆ ಬೆರಳಲ್ಲಿ ಪುಟ ತಳ್ಳುತ್ತ ಕೂತ ವಿದ್ಯಾರ್ಥಿಯನ್ನು ನೆನೆದರೆ ಸಂಕಟವಾಗುತ್ತದೆ. ಹಳೆಯ ಫೈಲುಗಳನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ. ತಿರುಗಿಸಿದ ಮೇಲೆ ಕರಡು ಇನ್ನೊಮ್ಮೆ ಓದಲೇಬೇಕು, ಆ ಶ್ರಮ ತಪ್ಪಿದ್ದಲ್ಲ.

ಅಭಿನಂದನ ಗ್ರಂಥಗಳ ಕಷ್ಟ ಬೇರೆ. ನಲವತ್ತು ಜನ ಬರೆದ ನಲವತ್ತು ಲೇಖನ. ಪರಿವಿಡಿಯಲ್ಲಿ ಮೊದಲು ಲೇಖನದ ಹೆಸರು, ಕೆಳಗೆ ಬರೆದವರ ಹೆಸರು ಬರಬೇಕು. ಎರಡಕ್ಕೂ ಬೇರೆ ಬೇರೆ ಸ್ಟೈಲ್ ಕೊಟ್ಟು, ಲೇಖಕರ ಸ್ಟೈಲಿಗೆ ಎರಡನೆಯ ಮಟ್ಟ ಎಂದು ಹೇಳಿ, ‘ಮೋರ್ ಆಪ್ಷನ್ಸ್’ ತೆರೆದು ಆ ಸ್ಟೈಲಿಗೆ ಪುಟಸಂಖ್ಯೆ ಬೇಡ ಎಂದರೆ ಸಾಕು. ಹೀಗೆ ಮಾಡಿದ ಒಂದು ಗ್ರಂಥದಲ್ಲಿ ಏಳು ಲೇಖನಗಳಿಗೆ ಮಾತ್ರ ಲೇಖಕರ ಹೆಸರು ಮೇಲೆ, ಶೀರ್ಷಿಕೆ ಕೆಳಗೆ ಬಂತು. ಓದುವವರಿಗೆ ಒಬ್ಬರ ಲೇಖನ ಇನ್ನೊಬ್ಬರದೆಂದು ಕಾಣುತ್ತಿತ್ತು. ನಲವತ್ತು ಜನ ಹಿರಿಯರು ಸೇರುವ ಸಮಾರಂಭದಲ್ಲಿ ಬಿಡುಗಡೆಯಾಗಬೇಕಾದ ಪುಸ್ತಕ ಅದು. ಹುಡುಕಿದಾಗ ತಿಳಿದದ್ದು: ಆ ಏಳು ಪುಟಗಳಲ್ಲಿ ಲೇಖಕರ ಹೆಸರನ್ನು ಪ್ರತ್ಯೇಕ ಚೌಕಟ್ಟಿನಲ್ಲಿಟ್ಟು, ಚೆಂದಕ್ಕೆಂದು ಶೀರ್ಷಿಕೆಗಿಂತ ತುಸು ಮೇಲೆ, ಭಾವಚಿತ್ರದ ಪಕ್ಕ ಕೂರಿಸಲಾಗಿತ್ತು. ಒಂದೇ ಪುಟದಲ್ಲಿ ಬೇರೆ ಬೇರೆ ಚೌಕಟ್ಟುಗಳಿದ್ದರೆ ಇನ್‌ಡಿಸೈನ್ ಅವು ಪುಟದ ಮೇಲೆ ಕೂತ ಜಾಗ ನೋಡಿ ಸಾಲು ಹಚ್ಚುತ್ತದೆ. ಶೀರ್ಷಿಕೆಯನ್ನೂ ಹೆಸರನ್ನೂ ಒಂದೇ ಚೌಕಟ್ಟಿಗೆ, ಒಂದರ ಕೆಳಗೊಂದರಂತೆ ತಂದು ಅಪ್‌ಡೇಟ್ ಒತ್ತಿದೆವು. ಏಳೂ ನೇರವಾದವು.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಪರಿವಿಡಿಯ ನಡುವೆ ಹೆಸರೇ ಇಲ್ಲದೆ ಬರೀ ಪುಟಸಂಖ್ಯೆ ಬಂದರೆ, ಆ ಪುಟದಲ್ಲಿ ಜಾಗ ಬಿಡಲೆಂದು ಒತ್ತಿದ ಖಾಲಿ ಪ್ಯಾರಾ ಒಂದಕ್ಕೆ ತಲೆಬರಹದ ಸ್ಟೈಲ್ ಅಂಟಿಕೊಂಡಿರುತ್ತದೆ. ಅದನ್ನು ಅಳಿಸಿ, ಜಾಗವನ್ನು ಸ್ಟೈಲಿನೊಳಗೇ ಕೊಡಿ. ಹೆಸರಿದ್ದು ಪುಟಸಂಖ್ಯೆ ಇಲ್ಲದಿದ್ದರೆ ಆ ತಲೆಬರಹ ಚೌಕಟ್ಟಿನಲ್ಲಿ ಹಿಡಿಯದೆ ಹೊರಗುಳಿದಿದೆ ಎಂದು ತಿಳಿಯಿರಿ, ಚೌಕಟ್ಟಿನ ಮೂಲೆಯಲ್ಲಿ ಕೆಂಪು ಕೂಡಿಸುವ ಚಿಹ್ನೆ ಕಾಣುತ್ತದೆ. ಮಾಸ್ಟರ್ ಪೇಜಿನಲ್ಲೇ ಬರೆದ ತಲೆಬರಹ ಪರಿವಿಡಿಗೆ ಬರುವುದಿಲ್ಲ. ಅಧ್ಯಾಯಕ್ಕೊಂದು ಫೈಲ್ ಮಾಡಿ ‘ಬುಕ್’ ಆಗಿ ಪೋಣಿಸಿದ್ದರೆ ‘ಇನ್‌ಕ್ಲೂಡ್ ಬುಕ್ ಡಾಕ್ಯುಮೆಂಟ್ಸ್’ ಗುರುತು ಬೇಕು. ಎಲ್ಲ ಫೈಲುಗಳಲ್ಲೂ ಸ್ಟೈಲಿನ ಹೆಸರು ಅಕ್ಷರಶಃ ಒಂದೇ ಇರಬೇಕು, ಒಂದು ಸ್ಪೇಸ್ ಹೆಚ್ಚಾದರೂ ಆ ಅಧ್ಯಾಯ ಪರಿವಿಡಿಯಿಂದ ಬಿಟ್ಟುಹೋಗುತ್ತದೆ.

ಪುಟಸಂಖ್ಯೆಗಳು ಬಲತುದಿಯಲ್ಲಿ ಸಾಲಾಗಿ ನಿಲ್ಲದೆ ಓಲಾಡುವುದನ್ನು ಎಲ್ಲರೂ ನೋಡಿರುತ್ತೀರಿ. ಸ್ಪೇಸ್ ಒತ್ತಿ ಒತ್ತಿ, ಚುಕ್ಕಿ ಹೊಡೆದು ಹೊಡೆದು ಅಂಕಿಯನ್ನು ತುದಿಗೆ ತಳ್ಳಿದ ಗುರುತು ಅದು. ಎಂಟ್ರಿ ಸ್ಟೈಲಿನಲ್ಲೇ ಬಲಗಡೆಗೆ ಒಂದು ರೈಟ್ ಟ್ಯಾಬ್ ಇಟ್ಟು, ಚುಕ್ಕಿ ಬೇಕಿದ್ದರೆ ಅಲ್ಲೇ ಲೀಡರ್ ಎಂದು ಕೊಟ್ಟರೆ ಒಂದಂಕಿ ಮೂರಂಕಿಗಳೆಲ್ಲ ಒಂದೇ ಗೆರೆಗೆ ಬಂದು ನಿಲ್ಲುತ್ತವೆ. ಸಾಲುಗಳ ನಡುವಿನ ಅಂತರ ಇಂಗ್ಲಿಷ್ ಪುಸ್ತಕದ್ದಕ್ಕಿಂತ ತುಸು ಹೆಚ್ಚೇ ಇರಲಿ. ನಮ್ಮ ಒತ್ತಕ್ಷರಗಳು ಕೆಳಗಿಳಿಯುತ್ತವೆ, ಗುಡಿಸು ಮೇಲೇರುತ್ತದೆ. ಬಿಗಿದು ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಕುತ್ತದೆ.

ವರ್ಡ್‌ನಲ್ಲಿ ಪ್ರಬಂಧ ಸಿದ್ಧಪಡಿಸುವ ಸಂಶೋಧನ ವಿದ್ಯಾರ್ಥಿಗಳಿಗೂ ಒಂದು ಮಾತು. ಪರಿವಿಡಿಯ ಪುಟದಲ್ಲಿ ಪುಟಸಂಖ್ಯೆಯ ಬದಲು ‘ಎರರ್! ಬುಕ್‌ಮಾರ್ಕ್ ನಾಟ್ ಡಿಫೈನ್ಡ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿ, ಹಾಗೆಯೇ ಬೈಂಡ್ ಆದ ಪ್ರಬಂಧಗಳನ್ನು ಕಂಡಿದ್ದೇನೆ. ತಲೆಬರಹವನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿದಾಗ ಹಳೆಯ ಕೊಂಡಿ ಕಡಿದುಹೋದದ್ದರ ಫಲ. ಪರಿವಿಡಿಯ ಮೇಲೆ ಕರ್ಸರ್ ಇಟ್ಟು ಎಫ್9 ಒತ್ತಿ, ಕೇಳುವ ಎರಡು ಆಯ್ಕೆಗಳಲ್ಲಿ ಬರೀ ಪುಟಸಂಖ್ಯೆ ಎಂಬುದನ್ನು ಬಿಟ್ಟು ಇಡೀ ಪಟ್ಟಿಯನ್ನು ಹೊಸದು ಮಾಡುವುದನ್ನು ಆಯ್ದರೆ ಸರಿಹೋಗುತ್ತದೆ. ಇದನ್ನು ಪ್ರಿಂಟ್ ಕೊಡುವ ಮುಂಚೆ ಮಾಡಬೇಕು, ಮತ್ತು ಪ್ರಿಂಟಿಗೆ ಹೋಗುವ ಅದೇ ಪ್ರತಿಯನ್ನು ಪರದೆಯ ಮೇಲೆ ಒಮ್ಮೆ ನೋಡಬೇಕು.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಎಲ್ಲ ತಿದ್ದುಪಡಿ ಮುಗಿದ ಮೇಲೆ ಅಪ್‌ಡೇಟ್ ಒತ್ತುತ್ತೇನೆ. ಪರಿವಿಡಿಯೇ ಬೆಳೆದು ಒಂದು ಪುಟದಿಂದ ಎರಡಾಗಿದ್ದರೆ ಮುಂದಿನ ಪುಟಗಳೆಲ್ಲ ಸರಿದಿರುತ್ತವೆ, ಹಾಗಾಗಿ ಇನ್ನೊಮ್ಮೆ ಒತ್ತುತ್ತೇನೆ. ಆಮೇಲೆ ಪರಿವಿಡಿಯೊಂದನ್ನೇ ಪ್ರಿಂಟ್ ತೆಗೆದು, ಪ್ರೆಸ್ಸಿಗೆ ಹೋಗಲಿರುವ ಪಿಡಿಎಫ್ ಎದುರಿಗಿಟ್ಟುಕೊಂಡು, ಒಂದೊಂದು ಹೆಸರಿಗೂ ಆ ಪುಟ ತೆರೆದು ಪೆನ್ಸಿಲಿನಲ್ಲಿ ಗೀಟು ಹಾಕುತ್ತೇನೆ. ಅಂಕಿಯ ಜೊತೆ ಹೆಸರನ್ನೂ ಓದುತ್ತೇನೆ, ಕರಡಿನಲ್ಲಿ ಶೀರ್ಷಿಕೆ ಬದಲಿಸಿದ ಲೇಖಕರು ಬಹಳ. ನಲವತ್ತು ಲೇಖನಕ್ಕೆ ಹದಿನೈದು ನಿಮಿಷ ಹಿಡಿಯುತ್ತದೆ. ಆ ಗೀಟು ಹಾಕಿದ ಹಾಳೆಗೆ ತಾರೀಖು ಬರೆದು ಪುಸ್ತಕದ ಕಡತದಲ್ಲಿಡುತ್ತೇನೆ. ಅದಾದ ಮೇಲೆ ಒಂದಕ್ಷರ ಬದಲಾದರೂ ಹಾಳೆ ಹೊಸದು.

ಆ ಪ್ರಬಂಧಗಳ ಪುಸ್ತಕ ಮೊನ್ನೆ ಎರಡನೆಯ ಮುದ್ರಣಕ್ಕೆ ಬಂತು. ಈ ಸಲ ಯುನಿಕೋಡ್, ಫಾಂಟು ಬೇರೆ, ಆದ್ದರಿಂದ ಪುಟಗಳೂ ಅಲ್ಲಿಲ್ಲಿ ಸರಿದಿವೆ. ಮುನ್ನುಡಿ ಮಾತ್ರ ಅದೇ ನಾಲ್ಕು ಪುಟ. ‘ಅಡಿಕೆ ಸುಲಿಯುವ ರಾತ್ರಿ’ 91ಕ್ಕೆ ಬಂದಿದೆ, ಪರಿವಿಡಿಯಲ್ಲೂ 91.